ಊಟ ಬಲ್ಲವನಿಗೂ ರೋಗ ತರುವ ನೀರು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಿತಮಿತವಾಗಿ ಉಣ್ಣುವವನು, ದುಶ್ಚಟಗಳಿಂದ ದೂರವಿರುವವನು, ಮೈಮುರಿದು ದುಡಿಯುವವನು ಆರೋಗ್ಯದಿಂದ ಬಾಳುತ್ತಾನೆ ಎಂಬ ತಲೆಮಾರುಗಳ ಅನುಭವ ಆ ಮಾತಿನಲ್ಲಿ ಅಡಗಿದೆ. ಆದರೆ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿ ಸೀಮೆಯ ಬಯಲಿನಲ್ಲಿ ಈ ಗಾದೆಗೆ ಇನ್ನೊಂದು ಸಾಲು ಸೇರಿಸಬೇಕಾದ ಪರಿಸ್ಥಿತಿ ಇದೆ. ಊಟವನ್ನು ಬಲ್ಲವನಿಗೂ ಕುಡಿಯುವ ನೀರನ್ನು ಆರಿಸಿಕೊಳ್ಳುವ ಅವಕಾಶ ಇಲ್ಲದಿದ್ದರೆ ರೋಗ ತಪ್ಪಿದ್ದಲ್ಲ.

ಮನುಷ್ಯನ ಆರೋಗ್ಯವನ್ನು ಅವನ ನಡವಳಿಕೆ ಎಷ್ಟರ ಮಟ್ಟಿಗೆ ರೂಪಿಸುತ್ತದೆ, ಅವನ ಕೈಮೀರಿದ ಸಂಗತಿಗಳು ಎಷ್ಟರ ಮಟ್ಟಿಗೆ ರೂಪಿಸುತ್ತವೆ ಎಂಬ ಪ್ರಶ್ನೆ ವೈದ್ಯಲೋಕದಲ್ಲಿ ಹಳೆಯದು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಮತ್ತು ಅದರ ಸುತ್ತಣ ಪ್ರದೇಶವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ದೊರೆಯುತ್ತದೆ. ಏಕೆಂದರೆ ನೀರಿನಿಂದ ಬರುವ ಎರಡು ಪಿಡುಗುಗಳನ್ನು ಉತ್ತರ ಕರ್ನಾಟಕದ ಒಣನಾಡು ಕಂಡಿದೆ. ಒಂದನ್ನು ಜನರು ತಮ್ಮ ನಡವಳಿಕೆಯಿಂದಲೂ ಸರ್ಕಾರದ ನೆರವಿನಿಂದಲೂ ಹೊರದೂಡಿದರು. ಇನ್ನೊಂದು ಇಂದಿಗೂ ಹೋಗಿಲ್ಲ.

ನಾಲ್ಕು ಕ್ಷೇತ್ರಗಳು

1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವು ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ ಮತ್ತು ಸಾಮಾಜಿಕ ಸ್ವಾಸ್ಥ್ಯದ ಪೂರ್ಣ ಸ್ಥಿತಿ ಎಂದು ಹೇಳಿತು. 1974ರಲ್ಲಿ ಕೆನಡಾದ ಆರೋಗ್ಯ ಸಚಿವ ಮಾರ್ಕ್ ಲಲೋಂಡ್ ಪ್ರಕಟಿಸಿದ ವರದಿಯು ಆರೋಗ್ಯವನ್ನು ನಿರ್ಧರಿಸುವ ಸಂಗತಿಗಳನ್ನು ನಾಲ್ಕು ಕ್ಷೇತ್ರಗಳಾಗಿ ವಿಂಗಡಿಸಿತು. ಹುಟ್ಟಿನಿಂದ ಬಂದ ದೇಹಪ್ರಕೃತಿ, ಪರಿಸರ, ಜೀವನಶೈಲಿ ಮತ್ತು ವೈದ್ಯಕೀಯ ಸೇವೆ ಎಂಬವೇ ಆ ನಾಲ್ಕು. ಸರ್ಕಾರಗಳು ಹಣವನ್ನೆಲ್ಲ ನಾಲ್ಕನೆಯದಕ್ಕೆ, ಎಂದರೆ ಆಸ್ಪತ್ರೆಗಳಿಗೆ ಸುರಿಯುತ್ತಿವೆ, ಆದರೆ ರೋಗ ಹುಟ್ಟುವುದು ಉಳಿದ ಮೂರರಲ್ಲಿ ಎಂಬುದು ಅದರ ತಿರುಳು.

ಈ ವರದಿಯ ಬಳಿಕ ಜೀವನಶೈಲಿ ಎಂಬ ಪದ ಜಗತ್ತಿನಾದ್ಯಂತ ಬಳಕೆಗೆ ಬಂತು. ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ, ನಡಿಗೆ ಮಾಡಿ ಎಂಬ ಉಪದೇಶಗಳು ಆರೋಗ್ಯ ಇಲಾಖೆಗಳ ಮುಖ್ಯ ಕಾರ್ಯಕ್ರಮಗಳಾದವು. ಅವು ತಪ್ಪಲ್ಲ. ಆದರೆ ಉಪದೇಶ ಪಾಲಿಸುವ ಶಕ್ತಿ ಎಲ್ಲರಿಗೂ ಒಂದೇ ಸಮನಾಗಿ ಇಲ್ಲ ಎಂಬುದನ್ನು ಅವು ಅನೇಕ ವೇಳೆ ಮರೆತವು. ಮೈಕೆಲ್ ಮಾರ್ಮಟ್ ಅಧ್ಯಕ್ಷತೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ್ದ ಆಯೋಗವು 2008ರಲ್ಲಿ ನೀಡಿದ ವರದಿಯಲ್ಲಿ ಈ ಲೋಪವನ್ನು ತಿದ್ದಿತು. ಜನರು ಹುಟ್ಟುವ, ಬೆಳೆಯುವ, ದುಡಿಯುವ ಮತ್ತು ಮುಪ್ಪಾಗುವ ಪರಿಸ್ಥಿತಿಗಳೇ ಅವರ ಆಯುಷ್ಯವನ್ನು ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂದು ಅದು ಸಾರಿತು.

ಬಯಲುಸೀಮೆಯ ಹೋಬಳಿ

ನಾರದಮುನಿ ದೇವಾಲಯದಿಂದ ಹೆಸರಾದ ಚಿಗಟೇರಿಯು ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಮಳೆಯನ್ನೇ ನೆಚ್ಚಿದ ಬೇಸಾಯ, ಬೇಸಿಗೆಯಲ್ಲಿ ಬತ್ತುವ ಹಳ್ಳಗಳು, ಕೆಲಸ ಅರಸಿ ಗುಳೆ ಹೋಗುವ ಕುಟುಂಬಗಳು ಈ ಸೀಮೆಯ ಲಕ್ಷಣ. ತುಂಗಭದ್ರಾ ನದಿ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ ಹರಿಯುತ್ತದೆ. ಆದರೂ ಒಳನಾಡಿನ ಹಳ್ಳಿಗಳು ದಶಕಗಳ ಕಾಲ ಕುಡಿದದ್ದು ನದಿಯ ನೀರನ್ನಲ್ಲ, ನೆಲದಾಳದ ನೀರನ್ನು. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ ನೇಮಕಗೊಂಡು 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ಹರಪನಹಳ್ಳಿ ಮತ್ತು ಕೂಡ್ಲಿಗಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು.

ಹಿಂದುಳಿದಿರುವಿಕೆ ಎಂಬ ಪದ ಸರ್ಕಾರಿ ಕಡತದಲ್ಲಿ ಒಂದು ಸೂಚ್ಯಂಕವಾಗಿ ಕಾಣಿಸುತ್ತದೆ. ಮನುಷ್ಯನ ದೇಹದಲ್ಲಿ ಅದು ಹಲ್ಲಿನ ಕಲೆಯಾಗಿ, ಮಡಚಲಾಗದ ಮೊಣಕಾಲಾಗಿ, ರಕ್ತಹೀನತೆಯಾಗಿ ಕಾಣಿಸುತ್ತದೆ.

ನಾರುಹುಣ್ಣು ಹೋದ ಬಗೆ

ಇಂದಿನ ತರುಣರಿಗೆ ನಾರುಹುಣ್ಣು ಎಂಬ ಹೆಸರೇ ಅಪರಿಚಿತ. ಉತ್ತರ ಕರ್ನಾಟಕದ ಒಣಜಿಲ್ಲೆಗಳ ಹಿರಿಯರಿಗೆ ಅದು ಚೆನ್ನಾಗಿ ನೆನಪಿದೆ. ಮೆಟ್ಟಿಲು ಬಾವಿಯ ನೀರಿನಲ್ಲಿರುವ ಸೂಕ್ಷ್ಮ ಜಲಜೀವಿಯ ಹೊಟ್ಟೆಯಲ್ಲಿ ಹುಳುವಿನ ಮರಿ ಇರುತ್ತಿತ್ತು. ಆ ನೀರು ಕುಡಿದವರ ದೇಹದಲ್ಲಿ ಅದು ಸುಮಾರು ಒಂದು ವರ್ಷ ಬೆಳೆದು, ದಾರದಂತೆ ಉದ್ದವಾಗಿ, ಸಾಮಾನ್ಯವಾಗಿ ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತಿತ್ತು. ಉರಿ ತಾಳಲಾರದೆ ರೋಗಿ ಕಾಲನ್ನು ಬಾವಿಯ ನೀರಿಗೆ ಇಳಿಬಿಟ್ಟರೆ ಹುಳು ಅಲ್ಲಿ ಮತ್ತೆ ಮರಿಗಳನ್ನು ಬಿಡುತ್ತಿತ್ತು.

ಇದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಕುಡಿಯುವ ನೀರನ್ನು ದಟ್ಟನೆಯ ಬಟ್ಟೆಯಲ್ಲಿ ಸೋಸುವುದು, ಹುಣ್ಣಾದವರು ಬಾವಿಗೆ ಇಳಿಯದಿರುವುದು, ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸುವುದು, ಕೈಪಂಪು ಹಾಕುವುದು, ನೀರಿಗೆ ಕೀಟನಾಶಕ ಬೆರೆಸುವುದು, ಇಷ್ಟೇ ಉಪಾಯಗಳು. 1980ರ ದಶಕದಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಫಲವಾಗಿ ದೇಶದ ಕೊನೆಯ ಪ್ರಕರಣ 1996ರಲ್ಲಿ ರಾಜಸ್ಥಾನದಲ್ಲಿ ದಾಖಲಾಯಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣು ಮುಕ್ತ ರಾಷ್ಟ್ರವೆಂದು ಪ್ರಮಾಣೀಕರಿಸಿತು.

ನಡವಳಿಕೆಯ ಬದಲಾವಣೆಯಿಂದ ರೋಗವನ್ನು ಗೆಲ್ಲಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಆದರೆ ಅದು ಗೆದ್ದದ್ದು ಏಕೆ ಎಂಬುದನ್ನೂ ಗಮನಿಸಬೇಕು. ಹುಳು ಕಣ್ಣಿಗೆ ಕಾಣುತ್ತಿತ್ತು, ನೋವು ಎಲ್ಲರಿಗೂ ಗೊತ್ತಿತ್ತು, ಸೋಸುವ ಬಟ್ಟೆ ಬಡವರ ಮನೆಯಲ್ಲೂ ಇತ್ತು ಮತ್ತು ಸೋಸಿದರೆ ನಿಜಕ್ಕೂ ಫಲ ಸಿಗುತ್ತಿತ್ತು. ಉಪದೇಶದ ಜೊತೆಗೆ ಬಾವಿಯ ರೂಪವೂ ಬದಲಾಯಿತು.

ಬಟ್ಟೆಯಲ್ಲಿ ಸೋಸಲಾಗದ ವಿಷ

ಎರಡನೆಯ ಪಿಡುಗು ಫ್ಲೋರೈಡ್. 1986ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಡಿಯುವ ನೀರಿನ ತಾಂತ್ರಿಕ ಮಿಷನ್‌ನಲ್ಲಿ ನಾರುಹುಣ್ಣು ನಿರ್ಮೂಲನೆ ಮತ್ತು ಫ್ಲೋರೋಸಿಸ್ ನಿಯಂತ್ರಣ ಎರಡೂ ಉಪಮಿಷನ್‌ಗಳಾಗಿದ್ದವು. ಮೊದಲನೆಯದು ಗುರಿ ತಲುಪಿತು. ಎರಡನೆಯದು ಗುರಿ ತಲುಪಲಿಲ್ಲ.

ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಕರಗುತ್ತದೆ. ಮಳೆ ಕಡಿಮೆ, ಆವಿಯಾಗುವುದು ಹೆಚ್ಚು, ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ ಮತ್ತು ಕ್ಷಾರಗುಣ ಹೆಚ್ಚು ಇರುವ ಕಡೆ ಈ ಕರಗುವಿಕೆ ಅಧಿಕ. ನೀರು ಬಂಡೆಯ ಸಂಪರ್ಕದಲ್ಲಿ ದೀರ್ಘಕಾಲ ಇದ್ದಷ್ಟೂ ಅದರ ಪ್ರಮಾಣ ಏರಬಹುದು. ಹರಪನಹಳ್ಳಿ, ಜಗಳೂರು, ಕೂಡ್ಲಿಗಿ ಭಾಗಗಳ ಹಲವು ಗ್ರಾಮಗಳ ಕೊಳವೆ ಬಾವಿಗಳಲ್ಲಿ ಮಿತಿ ಮೀರಿದ ಫ್ಲೋರೈಡ್ ಕಂಡುಬಂದಿದೆ. ಎಲ್ಲ ಊರುಗಳಲ್ಲೂ ಹೀಗಿಲ್ಲ. ಒಂದೇ ಊರಿನ ಎರಡು ಕೊಳವೆ ಬಾವಿಗಳ ನಡುವೆಯೂ ಅಜಗಜಾಂತರ ಇರುವುದುಂಟು. ಆದ್ದರಿಂದ ಪರೀಕ್ಷೆ ಮಾಡದೆ ನೀರು ಒಳ್ಳೆಯದು ಎಂದೂ ಹೇಳಲಾಗದು, ಕೆಟ್ಟದ್ದು ಎಂದೂ ಹೇಳಲಾಗದು.

ಇಲ್ಲೊಂದು ವಿಪರ್ಯಾಸವಿದೆ. ತೆರೆದ ಬಾವಿ ಮತ್ತು ಕೆರೆಯ ನೀರಿನಿಂದ ವಾಂತಿಭೇದಿ, ನಾರುಹುಣ್ಣು ಹರಡುತ್ತವೆ ಎಂಬ ಕಾರಣಕ್ಕೇ ಸರ್ಕಾರ ಊರೂರಿಗೆ ಕೊಳವೆ ಬಾವಿ ಕೊರೆಸಿತು. ರೋಗಾಣುಗಳ ದೃಷ್ಟಿಯಿಂದ ಅದು ಸರಿಯಾದ ಹೆಜ್ಜೆ. ಲಕ್ಷಾಂತರ ಮಕ್ಕಳ ಜೀವ ಉಳಿಯಿತು. ಆದರೆ ಫ್ಲೋರೈಡ್ ಇರುವ ಬಂಡೆಗಳ ಸೀಮೆಯಲ್ಲಿ ಒಂದು ರೋಗದಿಂದ ಪಾರಾದವರು ಇನ್ನೊಂದರ ದಾರಿಯಲ್ಲಿ ನಿಂತರು. ಸರ್ಕಾರ ಕೊಟ್ಟ ಸ್ವಚ್ಛ ನೀರನ್ನೇ ಕುಡಿದ ಜನರ ನಡವಳಿಕೆಯಲ್ಲಿ ಇಲ್ಲಿ ಯಾವ ತಪ್ಪೂ ಇರಲಿಲ್ಲ.

ಭಾರತದಲ್ಲಿ ಈ ರೋಗ ಮೊದಲು ವೈದ್ಯಕೀಯವಾಗಿ ವರದಿಯಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. 1953ರವರೆಗೂ ಹರಪನಹಳ್ಳಿಯನ್ನು ಒಳಗೊಂಡ ಬಳ್ಳಾರಿ ಜಿಲ್ಲೆಯೂ ಅದೇ ಪ್ರಾಂತ್ಯದಲ್ಲಿತ್ತು. ಎಂದರೆ ಈ ಸೀಮೆಯ ಆಡಳಿತಕ್ಕೆ ಫ್ಲೋರೈಡ್ ಎಂಬ ಪದ ಹೊಸದೇನಲ್ಲ.

ದೇಹದಲ್ಲಿ ಆಗುವುದೇನು?

ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುಡಿಯುವವರಿಗೆ ತಿಳಿಯುವಂತಹ ರುಚಿಯೂ ಇಲ್ಲ. ಅಲ್ಪ ಪ್ರಮಾಣದಲ್ಲಿದ್ದರೆ ಅದು ಹಲ್ಲು ಹುಳುಕಾಗುವುದನ್ನು ತಡೆಯುತ್ತದೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂ ಗರಿಷ್ಠ ಮಿತಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ 1.5 ಮಿಲಿಗ್ರಾಂ ಎಂದೇ ಹೇಳುತ್ತದೆ.

ಹೊಟ್ಟೆಗೆ ಸೇರಿದ ಫ್ಲೋರೈಡ್ ಬೇಗನೆ ರಕ್ತಕ್ಕೆ ಸೇರುತ್ತದೆ. ಒಂದು ಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ, ಉಳಿದದ್ದು ಮೂಳೆ ಮತ್ತು ಹಲ್ಲುಗಳಲ್ಲಿ ನೆಲೆಯೂರುತ್ತದೆ. ಬೆಳೆಯುವ ಮಕ್ಕಳ ಮೂಳೆಗಳು ಅದನ್ನು ವಯಸ್ಕರಿಗಿಂತ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತವೆ. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಮೊದಲ ಸುಮಾರು ಎಂಟು ವರ್ಷಗಳಲ್ಲಿ ಮಗು ಇಂತಹ ನೀರು ಕುಡಿದರೆ ಹಲ್ಲಿನ ಮೇಲೆ ಮೊದಲು ಸುಣ್ಣದಂತಹ ಬಿಳಿ ಗೆರೆಗಳು, ತೀವ್ರವಾದಾಗ ಹಳದಿ ಅಥವಾ ಕಂದು ಕಲೆಗಳು ಕಾಣುತ್ತವೆ. ಅವು ಹಲ್ಲುಜ್ಜಿದರೆ ಹೋಗುವ ಕಲೆಗಳಲ್ಲ. ದಾವಣಗೆರೆಯ ಗ್ರಾಮೀಣ ಭಾಗದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು, ನೀರಿನ ಫ್ಲೋರೈಡ್ ಏರಿದಂತೆ ಕಲೆಹಲ್ಲಿನ ಮಕ್ಕಳ ಪ್ರಮಾಣವೂ ಏರುವುದನ್ನು ತೋರಿಸಿತು.

ವರ್ಷಗಟ್ಟಲೆ ಸಂಗ್ರಹವಾದಾಗ ಮೂಳೆಗಳ ಸರದಿ. ಕತ್ತು, ಬೆನ್ನು, ಸೊಂಟ, ಮೊಣಕಾಲುಗಳಲ್ಲಿ ನೋವು ಮತ್ತು ಬಿಗಿತ ಆರಂಭವಾಗುತ್ತದೆ. ಕ್ರಮೇಣ ಕುಕ್ಕರಗಾಲಿನಲ್ಲಿ ಕೂರಲಾಗದು, ನೆಲದ ಮೇಲಿನ ವಸ್ತು ಎತ್ತಿಕೊಳ್ಳಲಾಗದು. ಅತಿ ತೀವ್ರವಾದಾಗ ಬೆನ್ನು ಬಾಗಿ ನರಗಳು ಅದುಮಲ್ಪಡುತ್ತವೆ. ಈ ಹಂತದಲ್ಲಿ ಹಾನಿಯನ್ನು ಹಿಂದಕ್ಕೆ ತರುವ ಚಿಕಿತ್ಸೆ ಇಲ್ಲ. ಆರಂಭದ ನೋವನ್ನು ವಾಯು ಎಂದೋ ವಯಸ್ಸಿನ ಸಂಧಿವಾತ ಎಂದೋ ತಿಳಿದು ನೋವಿನ ಗುಳಿಗೆ, ಇಂಜೆಕ್ಷನ್‌ಗಳ ಮೊರೆ ಹೋಗುವುದು ಸಾಮಾನ್ಯ. ನೋವಿನ ಗುಳಿಗೆಗಳ ಅತಿಬಳಕೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೂತ್ರಪಿಂಡ ದುರ್ಬಲವಾದರೆ ಫ್ಲೋರೈಡ್ ಹೊರಹೋಗುವುದೂ ಕಡಿಮೆಯಾಗುತ್ತದೆ.

ಒಂದೇ ನೀರು, ಬೇರೆ ಬೇರೆ ಪ್ರಮಾಣ

ಒಂದೇ ಕೊಳವೆ ಬಾವಿಯ ನೀರು ಎಲ್ಲರನ್ನೂ ಒಂದೇ ರೀತಿ ಬಾಧಿಸುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರು ಎಂದು ಭಾವಿಸೋಣ. ನೆರಳಿನಲ್ಲಿ ಕುಳಿತು ಕೆಲಸ ಮಾಡುವವರು ದಿನಕ್ಕೆ 2 ಲೀಟರ್ ಕುಡಿದರೆ ದೇಹ ಸೇರುವುದು 6 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲೋ ರಸ್ತೆ ಕಾಮಗಾರಿಯಲ್ಲೋ ದುಡಿಯುವ ಕೂಲಿಕಾರ್ಮಿಕರು 5 ಲೀಟರ್ ಕುಡಿದರೆ 15 ಮಿಲಿಗ್ರಾಂ. ನೀರಿನ ಮೂಲ ಒಂದೇ ಆದರೂ ದುಡಿಮೆಯ ಸ್ವರೂಪವೇ ವಿಷದ ಪ್ರಮಾಣವನ್ನು ಎರಡೂವರೆ ಪಟ್ಟು ಮಾಡುತ್ತದೆ. ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುವುದು ದುಶ್ಚಟವಲ್ಲ. ಕುಡಿಯದಿದ್ದರೆ ಅವರ ಜೀವಕ್ಕೇ ಅಪಾಯ.

ಆಹಾರದ ಪಾತ್ರವೂ ದೊಡ್ಡದು. ಕ್ಯಾಲ್ಸಿಯಂ ಸಮೃದ್ಧವಾಗಿದ್ದರೆ ಕರುಳಿನಲ್ಲಿ ಫ್ಲೋರೈಡ್ ಹೀರಿಕೆ ಕಡಿಮೆಯಾಗುತ್ತದೆ. ಹಾಲು, ಮೊಸರು, ಮಜ್ಜಿಗೆ, ರಾಗಿ, ಎಳ್ಳು, ನುಗ್ಗೆಸೊಪ್ಪು ಕ್ಯಾಲ್ಸಿಯಂನ ಒಳ್ಳೆಯ ಮೂಲಗಳು. ನೆಲ್ಲಿಕಾಯಿ, ನಿಂಬೆ, ಪೇರಲಗಳಲ್ಲಿ ಸಿ ಜೀವಸತ್ವ ಹೇರಳ. ಅರೆಹೊಟ್ಟೆಯ ಕುಟುಂಬಗಳಲ್ಲಿ ಅದೇ ನೀರು ಹೆಚ್ಚು ಹಾನಿ ಮಾಡುತ್ತದೆ. ಎಮ್ಮೆ ಕಟ್ಟಿದ ಮನೆಯವರೂ ಹಾಲನ್ನು ಡೇರಿಗೆ ಹಾಕಿ ಮಕ್ಕಳಿಗೆ ಕರಿ ಚಹಾ ಕೊಡುವುದುಂಟು. ಹಾಲು ಕೈಗೆ ಬರುವ ಹಣ. ಚಹಾ ಎಲೆಯಲ್ಲಿಯೂ ಫ್ಲೋರೈಡ್ ಇದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1970ರ ದಶಕದಲ್ಲಿ ಈ ಸೀಮೆಯವರು ತಿಳಿಯಬೇಕಾದ ಒಂದು ಸಂಗತಿಯನ್ನು ಕಂಡುಕೊಂಡರು. ಅಕ್ಕಿ ಉಣ್ಣುವವರಿಗಿಂತ ಜೋಳ ಉಣ್ಣುವವರ ದೇಹದಲ್ಲಿ ಫ್ಲೋರೈಡ್ ಹೆಚ್ಚು ಉಳಿಯುತ್ತದೆ ಎಂಬುದೇ ಅದು. ಇದರಿಂದ ರೊಟ್ಟಿ ಬಿಡಬೇಕು ಎಂದು ಅರ್ಥ ಮಾಡಿಕೊಳ್ಳಬಾರದು. ನಾರಿನಂಶ ಮತ್ತು ಪೋಷಕಾಂಶಗಳ ದೃಷ್ಟಿಯಿಂದ ಜೋಳ ಉತ್ತಮ ಧಾನ್ಯ. ಸರಿಪಡಿಸಬೇಕಾದದ್ದು ನೀರನ್ನು, ರೊಟ್ಟಿಯನ್ನಲ್ಲ. ಆದರೆ ಒಳ್ಳೆಯ ಊಟವೂ ಕೆಟ್ಟ ನೀರಿನ ಜೊತೆ ಸೇರಿ ಹೇಗೆ ವರ್ತಿಸುತ್ತದೆ ಎಂಬುದನ್ನು ಈ ಅಧ್ಯಯನ ತೋರಿಸುತ್ತದೆ.

ಊಟದ ಬದಲಾವಣೆಯೂ ಸಂಪೂರ್ಣವಾಗಿ ಜನರ ಆಯ್ಕೆಯಲ್ಲ. ಹರಪನಹಳ್ಳಿ ಭಾಗದಲ್ಲಿ ಮೆಕ್ಕೆಜೋಳ ವಾಣಿಜ್ಯ ಬೆಳೆಯಾಗಿ ಹರಡಿ ಮನೆಬಳಕೆಯ ಜೋಳ, ನವಣೆ, ಸಜ್ಜೆಗಳ ಹೊಲ ಕಿರಿದಾಯಿತು. ಪಡಿತರದಲ್ಲಿ ಅಕ್ಕಿ ಸಿಗುತ್ತದೆ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಹಸಿವನ್ನು ನೀಗಿತು, ಆದರೆ ಸೊಪ್ಪು, ಬೇಳೆ, ಹಾಲು ಮನೆಗೆ ಬರಬೇಕಾದರೆ ಕೂಲಿಯ ಹಣವೇ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಶುದ್ಧ ನೀರಿನ ಘಟಕ ಮತ್ತು ಬಳಸುವವರು

ಪರಿಹಾರಗಳು ಇಲ್ಲವೆಂದಲ್ಲ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ನಲಗೊಂಡ ವಿಧಾನವನ್ನು ರೂಪಿಸಿತು. ನೀರಿಗೆ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಬೆರೆಸಿ ಕಲಕಿ, ತಳಕ್ಕೆ ಇಳಿದ ಮಡ್ಡಿಯನ್ನು ಬೇರ್ಪಡಿಸುವ ಕ್ರಮವದು. ವಿಜ್ಞಾನ ಸರಳ, ಆದರೆ ಆಯಾ ನೀರಿನ ಗುಣಕ್ಕೆ ತಕ್ಕಂತೆ ದಿನವೂ ಅಳತೆ ತಪ್ಪದೆ ಮಾಡಬೇಕು. ಹೊಲಕ್ಕೆ ಹೊತ್ತುಮೂಡುವ ಮುನ್ನ ಹೊರಡುವ ಹೆಂಗಸಿಗೆ ಅದು ಇನ್ನೊಂದು ಹೊರೆ.

ರಾಜ್ಯ ಸರ್ಕಾರವು ಕಳೆದ ದಶಕದಲ್ಲಿ ಸಾವಿರಾರು ಗ್ರಾಮಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸ್ಥಾಪಿಸಿತು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಘಟಕ ಸುಸ್ಥಿತಿಯಲ್ಲಿದ್ದರೆ ಫ್ಲೋರೈಡ್ ಬಹುಪಾಲು ಹೋಗುತ್ತದೆ. ಆದರೆ ಒಳಗಿನ ಪೊರೆ ಸವೆದಾಗ ಬದಲಿಸುವವರು, ವಿದ್ಯುತ್ ಕೈಕೊಟ್ಟಾಗ ಕಾಯುವವರು, ಮೋಟರ್ ಸುಟ್ಟಾಗ ದುರಸ್ತಿ ಮಾಡಿಸುವವರು ಬೇಕು. ಘಟಕ ವಾರಗಟ್ಟಲೆ ನಿಂತರೆ ಊರು ಮತ್ತೆ ಹಳೆಯ ನಲ್ಲಿಗೆ ಮರಳುತ್ತದೆ. ಬೈಕ್ ಇದ್ದವರು ಪಕ್ಕದೂರಿನಿಂದ ಕ್ಯಾನ್ ತರುತ್ತಾರೆ, ಒಂಟಿ ವೃದ್ಧೆಗೆ ಆ ಅನುಕೂಲವಿಲ್ಲ. ಹೊರಗಿನಿಂದ ನೋಡಿದವರಿಗೆ ಇದು ಜನರ ಅಸಡ್ಡೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ದೂರ, ಸಮಯ ಮತ್ತು ದೈಹಿಕ ಶಕ್ತಿಯ ಲೆಕ್ಕಾಚಾರ.

ಶಾಶ್ವತ ಪರಿಹಾರವೆಂದರೆ ನದಿ ಮೂಲದ ನೀರು. ತುಂಗಭದ್ರಾ ಜಲಾಶಯದ ಹಿನ್ನೀರಿನಿಂದ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆ, ಪಾವಗಡ ತಾಲ್ಲೂಕುಗಳಿಗೆ ನೀರು ಒಯ್ಯುವ ಬಹುಗ್ರಾಮ ಯೋಜನೆ ರೂಪುಗೊಂಡದ್ದು ಈ ಕಾರಣಕ್ಕೇ. ಹರಪನಹಳ್ಳಿ ತಾಲ್ಲೂಕಿನ ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯೂ ಇದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ಮನೆಮನೆಗೆ ನಲ್ಲಿ ಕೊಡುವ ಗುರಿ ಹೊಂದಿದೆ. ಆದರೆ ನಲ್ಲಿ ಬಂದರೆ ಸಾಲದು. ಅದರ ಇನ್ನೊಂದು ತುದಿ ಅದೇ ಹಳೆಯ ಕೊಳವೆ ಬಾವಿಯಲ್ಲಿದ್ದರೆ ಫ್ಲೋರೈಡ್ ಮನೆಬಾಗಿಲಿಗೇ ಬಂದಂತಾಗುತ್ತದೆ.

ನಡವಳಿಕೆ ನಿಜಕ್ಕೂ ಹೊಣೆಯಾಗುವಲ್ಲಿ

ಹಾಗೆಂದು ನಡವಳಿಕೆಗೆ ಬೆಲೆಯೇ ಇಲ್ಲ ಎನ್ನುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪಾಲ್ಗೊಂಡ ಅಧ್ಯಯನದ ಪ್ರಕಾರ ದೇಶದ ಒಟ್ಟು ಸಾವುಗಳಲ್ಲಿ ಹೃದ್ರೋಗ, ಕ್ಯಾನ್ಸರ್, ಮಧುಮೇಹ, ಶ್ವಾಸಕೋಶದ ದೀರ್ಘರೋಗದಂತಹ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಶೇ 37.9 ಇದ್ದದ್ದು 2016ರಲ್ಲಿ ಶೇ 61.8ಕ್ಕೆ ಏರಿತು. ಇವುಗಳಲ್ಲಿ ತಂಬಾಕಿನ ಪಾಲು ಗಣನೀಯ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ತಂಬಾಕು ಬಳಸುತ್ತಾರೆಂದು ಹೇಳಿತು.

ಬಾಯಿ ಕ್ಯಾನ್ಸರ್ ತಡೆಯಲು ತಂಬಾಕು ತ್ಯಜಿಸುವುದಕ್ಕಿಂತ ದೊಡ್ಡ ಔಷಧಿ ಇಲ್ಲ. ಅದು ಸೇವಿಸುವವರ ಕೈಯಲ್ಲಿರುವ ನಿರ್ಧಾರ ಎಂಬುದೂ ನಿಜ. ಆದರೆ ಅಲ್ಲಿಯೂ ಮಾರುಕಟ್ಟೆಯ ಕೈವಾಡವಿದೆ. ಕರ್ನಾಟಕ ಸರ್ಕಾರ 2013ರ ಮೇ 30ರಂದು ಗುಟ್ಕಾ ನಿಷೇಧಿಸಿತು. ಬಳಿಕ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂದವು. ಗಿರಾಕಿ ತಾನೇ ಬೆರೆಸಿಕೊಂಡ. ದಣಿವು, ಹಸಿವು ಮರೆಸುತ್ತದೆ ಎಂದು ಹೊಲದ ಕೆಲಸದ ನಡುವೆ ತಂಬಾಕು ಹಾಕುವವರಿಗೆ ಬರೀ ಬಿಡಿ ಎಂದರೆ ಸಾಲದು. ಬಿಡುವಾಗ ಆಗುವ ಚಡಪಡಿಕೆಗೆ ಆಪ್ತಸಮಾಲೋಚನೆ, ಔಷಧಿ ದೊರೆಯಬೇಕು, ಶಾಲೆಯ ಮುಂದಿನ ಗೂಡಂಗಡಿಯಲ್ಲಿ ಅದು ಮಾರಾಟಕ್ಕೆ ಸಿಗದಂತಾಗಬೇಕು.

ದೂರವೂ ಒಂದು ಕಾರಣ

ದಾವಣಗೆರೆಯ ಜಿಲ್ಲಾಸ್ಪತ್ರೆ ಚಿಗಟೇರಿ ಹೆಸರನ್ನೇ ಹೊತ್ತಿದೆ. ಸಿ.ಜಿ. ಆಸ್ಪತ್ರೆ ಎಂದರೆ ಚಿಗಟೇರಿ ಜನರಲ್ ಆಸ್ಪತ್ರೆ. ಊರಿನ ಹೆಸರು ಆಸ್ಪತ್ರೆಯ ಫಲಕದ ಮೇಲಿದ್ದರೂ ಊರಿನ ರೋಗಿ ಅಲ್ಲಿಗೆ ತಲುಪಲು ಬಸ್ಸಿಗೆ ಕಾಯಬೇಕು, ಒಂದು ದಿನದ ಕೂಲಿ ಬಿಡಬೇಕು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಕಲ್ಯಾಣ ಕರ್ನಾಟಕದ 371(ಜೆ) ವಿಶೇಷ ಸೌಲಭ್ಯಕ್ಕಾಗಿ ನಡೆದ ಹೋರಾಟದ ಬಳಿಕ 2018ರ ಸರ್ಕಾರಿ ತೀರ್ಮಾನದಂತೆ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಜಿಲ್ಲಾ ಕೇಂದ್ರ ಹೊಸಪೇಟೆಯಾದರೂ ಹರಪನಹಳ್ಳಿಗೆ ದಾವಣಗೆರೆಯೇ ಹತ್ತಿರ. ಕಾಗದದ ಮೇಲಿನ ಗಡಿ ಬದಲಾದಂತೆ ರೋಗಿಯ ದಾರಿ ಬದಲಾಗುವುದಿಲ್ಲ.

ಆಸ್ಪತ್ರೆಗೆ ತಡವಾಗಿ ಬರುವವರನ್ನು ನಿರ್ಲಕ್ಷ್ಯ ಮಾಡಿದಿರಿ ಎಂದು ಗದರುವುದು ಸುಲಭ. ತಡವಾದದ್ದು ಅಸಡ್ಡೆಯಿಂದಲೋ, ಹಣವಿಲ್ಲದೆಯೋ, ಜೊತೆಗೆ ಬರುವವರಿಲ್ಲದೆಯೋ ಎಂದು ಕೇಳುವ ವ್ಯವಧಾನ ಬೇಕು.

ಮನೆಯಲ್ಲಿ, ಪಂಚಾಯಿತಿಯಲ್ಲಿ

ಫ್ಲೋರೈಡ್ ಬಾಧಿತ ಗ್ರಾಮಗಳ ಜನರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಬಟ್ಟೆ, ಸಾಮಾನ್ಯ ಕ್ಯಾಂಡಲ್ ಫಿಲ್ಟರ್, ನೇರಳಾತೀತ ಕಿರಣದ ಯಂತ್ರಗಳಿಂದಲೂ ಅದು ಹೋಗದು. ಕುಡಿಯಲು ಮಾತ್ರ ಶುದ್ಧ ನೀರು ತಂದು ಅನ್ನ, ಸಾರು, ಚಹಾಗಳಿಗೆ ಕೊಳವೆ ಬಾವಿಯ ನೀರು ಬಳಸಿದರೆ ಅರ್ಧ ರಕ್ಷಣೆಯಷ್ಟೇ ದೊರೆಯುತ್ತದೆ. ಸಾಕಷ್ಟು ಶುದ್ಧ ನೀರು ಸಿಗದಿದ್ದರೆ ಮೊದಲ ಪಾಲು ಎಂಟು ವರ್ಷದೊಳಗಿನ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಸಲ್ಲಬೇಕು. ಮಾಳಿಗೆಯ ಮೇಲೆ ಬಿದ್ದ ಮಳೆನೀರನ್ನು ಶುಚಿಯಾಗಿ ಸಂಗ್ರಹಿಸಿದರೆ ಅದು ಫ್ಲೋರೈಡ್ ಬಹುತೇಕ ಇಲ್ಲದ ನೀರು.

ಮೂಳೆಯ ತೊಂದರೆಯ ಅನುಮಾನವಿದ್ದರೆ ಮೂರು ಸರಳ ಪರೀಕ್ಷೆಗಳಿವೆ. ಮೊಣಕಾಲು ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು, ಗಲ್ಲವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಇವು ಕಷ್ಟವಾದರೆ ರೋಗ ಇದೆಯೆಂದೇ ಅರ್ಥವಲ್ಲ. ಆದರೆ ನೋವಿನ ಗುಳಿಗೆ ನುಂಗುವ ಮೊದಲು ವೈದ್ಯರನ್ನು ಕಂಡು, ತಾವು ಕುಡಿಯುವ ನೀರಿನ ವಿಚಾರವನ್ನೂ ಹೇಳಬೇಕು. ದೇಶದಲ್ಲಿ ಫ್ಲೋರೋಸಿಸ್ ತಡೆಗಾಗಿ 2008-09ರಿಂದ ಪ್ರತ್ಯೇಕ ರಾಷ್ಟ್ರೀಯ ಕಾರ್ಯಕ್ರಮ ಇದೆ.

ಪಂಚಾಯಿತಿಯ ಹೊಣೆ ಇದಕ್ಕಿಂತ ದೊಡ್ಡದು. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ನೀಡುವ ವ್ಯವಸ್ಥೆ ಇದೆ. ಪ್ರತಿ ಕೊಳವೆ ಬಾವಿಯ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಮಿತಿ ಮೀರಿದ ಮೂಲಕ್ಕೆ ಕುಡಿಯಲು ಯೋಗ್ಯವಲ್ಲ ಎಂದು ಬಣ್ಣದಲ್ಲಿ ಬರೆಸಬೇಕು. ಶಾಲೆ ಮತ್ತು ಅಂಗನವಾಡಿಯ ನೀರನ್ನು ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕು. ಕೆಟ್ಟ ಘಟಕ ಎಷ್ಟು ದಿನದೊಳಗೆ ದುರಸ್ತಿಯಾಗಬೇಕು ಎಂಬುದು ಗುತ್ತಿಗೆಯ ಪತ್ರದಲ್ಲಿ ಇರಬೇಕು, ಊರಿನವರಿಗೂ ಗೊತ್ತಿರಬೇಕು.

ಒಳ್ಳೆಯ ನಡವಳಿಕೆಯನ್ನು ಜನರಿಂದ ನಿರೀಕ್ಷಿಸುವುದು ನ್ಯಾಯವೇ. ಆದರೆ ಅದನ್ನು ಪಾಲಿಸಲು ಬೇಕಾದ ಸಾಧನ ಅವರ ಕೈಗೆ ಸಿಕ್ಕಿರಬೇಕು. ನಾರುಹುಣ್ಣಿನ ವಿಷಯದಲ್ಲಿ ಸೋಸುವ ಬಟ್ಟೆ ಮನೆಯಲ್ಲಿತ್ತು, ಬಾವಿಯನ್ನು ಸರ್ಕಾರ ಬದಲಿಸಿತು, ರೋಗ ಹೋಯಿತು. ಫ್ಲೋರೈಡ್ ವಿಷಯದಲ್ಲಿ ಮನೆಯೊಳಗೆ ಅಂತಹ ಅಗ್ಗದ ಬಟ್ಟೆ ಇಲ್ಲ. ಸುರಕ್ಷಿತ ನೀರು ಊರಿಗೆ ಬಂದು, ನಿಲ್ಲದೆ ಹರಿಯುವವರೆಗೆ ಇಲ್ಲಿನ ಬೆನ್ನುನೋವಿಗೆ ಬೆನ್ನುಳ್ಳವರನ್ನೇ ಹೊಣೆ ಮಾಡುವುದು ಸಲ್ಲದು. ಈ ವರ್ಷ ಹುಟ್ಟಿದ ಮಗುವಿನ ಹಲ್ಲು ಕಾಯಲು ಉಳಿದಿರುವ ಅವಧಿ ಎಂಟೇ ವರ್ಷ.